ಕೈ ಹಿಂದೆ ಹೋದ ಹೊಟ್ಟೆ

ಬನಹಟ್ಟಿಯಲ್ಲಿ ನಮ್ಮ ಗೋಡೆಗೆ ಹತ್ತಿದ ಮನೆ ಉಜ್ವಲಾಳದು. ಗಂಡ ಅರುಣ ನಾಲ್ಕು ಪವರ್‌ಲೂಮ್ ನಡೆಸುತ್ತಾನೆ. ಮಗ್ಗ ಶುರುವಾದರೆ ಅಲ್ಲಿ ಮಾತು ಕೇಳುವುದಿಲ್ಲ. ನೂಲು ಹರಿಯಿತು, ಚಹಾ ಬಂತು, ಎಲ್ಲವನ್ನೂ ಕೈಯಿಂದಲೇ ಹೇಳಿಕೊಳ್ಳುತ್ತಾರೆ. ಅಂಥ ಮನೆಯಲ್ಲಿ ಹುಟ್ಟಿದ ಮನೀಷಾಳಿಗೆ ಕಿವಿ ಕೇಳಿಸುವುದಿಲ್ಲ, ಕೈಸನ್ನೆಯೂ ಬೇಡ. ಆರು ವರ್ಷದ ಕೂಸು, ಮಂದಿಯ ಮುಖ ಕಂಡರೆ ಗೋಡೆಯ ಕಡೆ ತಿರುಗುತ್ತದೆ. ನೋಡುವುದು ಮೊಬೈಲಿನೊಳಗೆ ಕುಣಿಯುವ ಗೊಂಬೆಗಳನ್ನು ಮಾತ್ರ.

ಹೋದ ಯುಗಾದಿಯ ಹೊತ್ತಿಗೆ ಆ ಕೂಸು ಒಂದು ದಿನ ಪೂರ್ತಿ ಮೂಲೆಯಲ್ಲಿ ಮುದುಡಿ ಬಿದ್ದಿತ್ತು. ಹಟವೆಂದು ಅಜ್ಜಿ ರುಕ್ಮವ್ವ ಬೈದಳು. ನಾನು ದೃಷ್ಟಿ ತೆಗೆದೆ. ಮರುದಿನ ಜಮಖಂಡಿಯ ದವಾಖಾನೆಯಲ್ಲಿ, ಕರುಳು ಒಂದರೊಳಗೊಂದು ಸಿಕ್ಕಿಕೊಂಡಿದೆ ಎಂದರು. ಹೇಗೋ ಬಿಡಿಸಿದರು. ಮತ್ತೆ ನೋವು ಬಂದರೆ ಒಂದು ತಾಸೂ ಕಾಯಬೇಡಿ ಎಂದರು ಡಾಕ್ಟರು. ಬಂತೆಂದು ಹೇಳುವವರು ಯಾರು?

ಆ ಪ್ರಶ್ನೆ ಉಜ್ವಲಾಳನ್ನು ತಿನ್ನತೊಡಗಿತು. ಮದುವೆಗೆ ಮೊದಲು ಜಮಖಂಡಿಯ ಕಂಪ್ಯೂಟರ್ ಕ್ಲಾಸಿನಲ್ಲಿ ಗೊಂಬೆಗಳಿಗೆ ಎಲುಬು ಹಾಕುವುದನ್ನು ಕಲಿತವಳು. ಅದಕ್ಕೆ ರಿಗ್ಗಿಂಗ್ ಎನ್ನುತ್ತಾರಂತೆ. ಕಂಪ್ಯೂಟರಿನ ಗೊಂಬೆ ಬರೀ ತೊಗಲಿನ ಚೀಲ. ಬೆನ್ನಿಗೆ, ತೋಳಿಗೆ, ಬೆರಳಿಗೆ ಎಲುಬು ಕೂಡಿಸಿ, ಯಾವ ಎಲುಬು ಅಲುಗಿದರೆ ಎಷ್ಟು ತೊಗಲು ಅದರ ಹಿಂದೆ ಹೋಗಬೇಕೆಂದು ಕಲಿಸಿಕೊಡಬೇಕು. ಮನುಷ್ಯರ ಕೈ ನೋಡದ ಮಗಳು ಗೊಂಬೆಯ ಕೈಯನ್ನಾದರೂ ನೋಡಿಯಾಳು ಎಂದು, ಕ್ಲಾಸಿನ ಮಾಂತೇಶ ಸರ್ ಹತ್ತಿರ ಹದಿನೈದು ದಿನಕ್ಕೆ ಲ್ಯಾಪ್‌ಟಾಪ್ ಕೇಳಿ ತಂದಳು.

"ನಮ್ಮ ಸೊಸಿ ಎಲುಬು ಕೂಡಸಾಕಿ ಆಗ್ಯಾಳ ನೋಡ ಯಲ್ಲಕ್ಕ," ಎಂದಳು ರುಕ್ಮವ್ವ ನನಗೆ. "ನನ್ನ ಮೊಣಕಾಲಿಗೂ ಒಂದ್ ಹಾಕ ಬೇ ಅಂದ್ರ, ನಿಮ್ದು ಹಳೇ ಮಾಡಲ್ ಅತ್ತಿ ಅಂತಾಳ!"

ಉಜ್ವಲಾ ನಗಲಿಲ್ಲ. ಗೊಂಬೆ ಹೊಟ್ಟೆಯ ಮೇಲೆ ಕೈಯಿಟ್ಟು ಮುಖ ಹಿಂಡಬೇಕು, ಇಷ್ಟೇ ಅವಳಿಗೆ ಬೇಕಾದದ್ದು. ಕೈ ಹೊಟ್ಟೆ ಮುಟ್ಟಿತು. ತೆಗೆಯುವಾಗ ಮಾತ್ರ ಹೊಟ್ಟೆಯ ತೊಗಲೂ ನಾದಿದ ಹಿಟ್ಟಿನ ಹಾಗೆ ಜಗ್ಗಿಕೊಂಡು ಕೈ ಹಿಂದೆಯೇ ಬಂತು.

"ಎಲುಬು ಹಾಕುಮುಂದ ಇದರ ಕೈ ಮೈಗೆ ಹತ್ತಿ ಇತ್ತು ಆಯಿ," ಎಂದಳು ನನಗೆ. "ಅದಕ್ಕ ಹೊಟ್ಟಿ ತೊಗಲೂ ಕೈದ ಅಂತ ಕಂಪ್ಯೂಟರ್ ತಿಳಕೊಂಡೈತಿ."

ಇಲ್ಲಿ ಬಿಡಿಸಿದರೆ ಅಲ್ಲಿ ಹರಿಯಿತು. ಪಕ್ಕೆ ಸರಿಯಾದರೆ ತೋಳು ಚಪ್ಪಟೆಯಾಯಿತು. ಹದಿನಾಲ್ಕು ದಿನ ಹೋದವು. ಪಕ್ಕದಲ್ಲಿ ಕೂತ ಮಗಳು ಗೊಂಬೆಯನ್ನೇ ನೋಡುತ್ತಿದ್ದಳು, ಕೈ ಮಾತ್ರ ಎತ್ತಲಿಲ್ಲ. ನಾಳೆ ಲ್ಯಾಪ್‌ಟಾಪ್ ತಂದುಕೊಡಿ ಎಂದು ಸರ್ ಫೋನೂ ಬಂತು.

ಅವತ್ತೇ ಮಧ್ಯಾಹ್ನ ಮನೀಷಾ ಬಂದು ಅವ್ವನ ಮುಂದೆ ನಿಂತಳು. ಹೊಟ್ಟೆಯ ಮೇಲಿನ ಫ್ರಾಕು ಹಿಡಿದು ಮುಂದಕ್ಕೆ ಜಗ್ಗಿ ಬಿಟ್ಟಳು. ಮತ್ತೆ ಜಗ್ಗಿದಳು.

ಉಜ್ವಲಾಳ ಮುಖ ಬಾಡಿತು. "ನೋಡ್ರಿ ಆಯಿ, ಗೊಂಬಿ ತಪ್ಪನ್ನ ಕಲ್ತಾಳ!"

ಮಗಳ ಕೈ ಹಿಡಿದು ಹೊಟ್ಟೆಗೆ ಒತ್ತಿದಳು. ಕೂಸು ಕೊಸರಿಕೊಂಡು ಮತ್ತೆ ಫ್ರಾಕು ಜಗ್ಗಿತು.

"ಹಂಗಲ್ಲ ಬೇ, ಹಿಂಗ!" ಎಂದು ಕೈಗೊಂದು ಏಟು ಕೊಟ್ಟಳು.

ಏಟು ಬಿದ್ದರೂ ಕೂಸು ಗೋಡೆಯ ಕಡೆ ತಿರುಗಲಿಲ್ಲ. ಅದರ ಮೇಲ್ತುಟಿಯಲ್ಲಿ ಬೆವರು ಕಂಡೆ.

"ಉಜ್ವಲಾ, ಆಟ ಆಡಾಕತ್ತಿಲ್ಲ ಅದು. ನಿನ್ನ ಮಾರಿ ನೋಡಾಕತ್ತೈತಿ."

ಅವಳು ಮಗಳ ಹೊಟ್ಟೆ ಮುಟ್ಟಿದಳು. ಕೂಸು ಎರಡಾಗಿ ಮಡಚಿಕೊಂಡಿತು. ಮಗಳನ್ನು ಎತ್ತಿಕೊಂಡು ಮಗ್ಗದ ಕೋಣೆಗೆ ಓಡಿದಳು. ಆ ಸದ್ದಿನಲ್ಲಿ ಕೂಗಿದರೆ ಅರುಣನಿಗೆ ಎಲ್ಲಿ ಕೇಳಬೇಕು? ಹೊಟ್ಟೆಯ ಮೇಲಿನ ತನ್ನ ಸೀರೆ ಹಿಡಿದು ಮುಂದಕ್ಕೆ ಜಗ್ಗಿದಳು, ಕೂಸನ್ನು ತೋರಿಸಿದಳು, ಮತ್ತೆ ಜಗ್ಗಿದಳು. ಹದಿನಾಲ್ಕು ದಿನ ಆ ಗೊಂಬೆಯನ್ನು ಕಂಡವನು ಅವನು. ನಾಲ್ಕೂ ಮಗ್ಗ ನಿಂತವು.

ಜಮಖಂಡಿಯಲ್ಲಿ ಡಾಕ್ಟರು ಹೊಟ್ಟೆ ಒತ್ತಿ ನೋಡಿ, "ಯಾವಾಗಿಂದ?" ಎಂದರು.

"ಒಂದ್ ತಾಸಾತ್ರಿ."

"ಇಷ್ಟ್ ಲಗೂ ಹೆಂಗ ಗೊತ್ತಾತವ್ವಾ?"

"ಆಕಿನ ಹೇಳಿದ್ಳ್ರಿ."

ಈ ಸಲ ಕೊಯ್ಯಬೇಕಾಗುತ್ತದೆ, ಏನನ್ನೂ ಈಗ ಹೇಳಲಾಗದು ಎಂದು ಒಳಗೆ ಒಯ್ದರು. ಬಾಗಿಲ ಹೊರಗೆ ಕೂತೆವು. ಅಷ್ಟರಲ್ಲಿ ಮಾಂತೇಶ ಸರ್ ಫೋನು.

"ನಾಳೆ ತಂದ್ ಕೊಡ್ತೀನ್ರಿ ಸರ್," ಎಂದಳು ಉಜ್ವಲಾ. "ಆದ್ರ ಗೊಂಬಿ ಅಳಸಬ್ಯಾಡ್ರಿ. ಹೊಟ್ಟೀನೂ ಸರಿ ಮಾಡಬ್ಯಾಡ್ರಿ, ಹಂಗ ಇರ್ಲಿ. ಎದ್ದ ಮ್ಯಾಗ ಆಕಿ ಅದನ್ನ ನೋಡ್ತಾಳ."

ಫೋನು ಇಟ್ಟಳು. ಅವಳ ಇನ್ನೊಂದು ಕೈಯಲ್ಲಿ ಹೊಟ್ಟೆಯ ಮೇಲಿನ ಸೀರೆ ಇನ್ನೂ ಹಿಡಿದದ್ದು ಹಿಡಿದಂತೆಯೇ ಇತ್ತು. ಬಾಗಿಲು ತೆರೆದಿರಲಿಲ್ಲ.