ಯೆರವಡಾದಲ್ಲಿ ನಾನು ಅನ್ನದ ಆಮೆನ್

ಪುಣೆಗೆ ಬಂದ ಮೊದಲ ಭಾನುವಾರವೇ ನನಗೆ ತಲೆ ತಿರುಗಿತು. ಯೆರವಡಾದ ನಮ್ಮ ಕ್ರೈಸ್ತ ಸಭೆಯಲ್ಲಿ ಪ್ರಸಂಗ ಕನ್ನಡದಲ್ಲಿ, ಹಾಡು ಹಿಂದಿಯಲ್ಲಿ, ಬಾಗಿಲ ಬಳಿ ಚಪ್ಪಲಿಯ ಜಗಳ ಮರಾಠಿಯಲ್ಲಿ. ಮೂರೂ ತಿಳಿಯುತ್ತಿದ್ದದ್ದು ದೇವರೊಬ್ಬನಿಗೇ ಇರಬೇಕು. ಯಾದಗಿರಿ ಕಡೆಯ ನಮ್ಮೂರಲ್ಲಿ ಪ್ರಾರ್ಥನೆಗೆ ತಡವಾದರೆ ಯಾರಾದರೂ ಮನೆಗೇ ಬಂದು ಕರೆಯುತ್ತಿದ್ದರು. ಇಲ್ಲಿ ಪಕ್ಕದ ಖೋಲಿಯವರ ಹೆಸರು ತಿಳಿಯಲು ಆರು ತಿಂಗಳು ಬೇಕಾಯಿತು. ಖೋಲಿ ಎಂದರೆ ಒಂದೇ ಕೋಣೆಯ ಮನೆ.

ನಮ್ಮ ಖೋಲಿ ಕೊಡಿಸಿದವರು ಸಭೆಯ ಹಿರಿಯರು. ಕಟ್ಟಡದ ಗುತ್ತೇದಾರರೂ ಅವರೇ. ನನ್ನ ಗಂಡ ಅವರ ಕೈಕೆಳಗೆ ನೆಲಕ್ಕೆ ಫರಸಿ ಕಲ್ಲು ಕೂಡಿಸುತ್ತಿದ್ದರು. ನಾನು ಮತ್ತು ನಮ್ಮ ಸಭೆಯವಳೇ ಆದ ಶಾಂತಮ್ಮ ಅದನ್ನು ಆ್ಯಸಿಡ್ ಹಾಕಿ ತಿಕ್ಕುತ್ತಿದ್ದೆವು. ಕೈಗವಸು ಕೇಳಿದರೆ ಹಿರಿಯರು ನಾಳೆ ಅನ್ನುತ್ತಿದ್ದರು. ಒಂದು ದಿನ ಡಬ್ಬಿ ಉರುಳಿ ಶಾಂತಮ್ಮನ ಎರಡೂ ಕೈ ಸುಟ್ಟವು.

ನಮ್ಮ ಸಭೆಯಲ್ಲೊಂದು ರೂಢಿ. ಪ್ರಾರ್ಥನೆ ಬೇಕಾದವರ ಕಷ್ಟವನ್ನು ಚೀಟಿಯಲ್ಲಿ ಬರೆದುಕೊಡಬೇಕು, ಪಾಸ್ಟರ್ ಓದಬೇಕು, ಪ್ರತಿ ಚೀಟಿಗೂ ಎಲ್ಲರೂ ಆಮೆನ್ ಅನ್ನಬೇಕು. ಆ ಭಾನುವಾರ ಹಿರಿಯರ ಚೀಟಿ ಬಂತು: ಶಾಂತಮ್ಮ ಮನೆಯಲ್ಲಿ ಅಡುಗೆ ಮಾಡುವಾಗ ಕೈ ಸುಟ್ಟುಕೊಂಡಿದ್ದಾಳೆ, ಪ್ರಾರ್ಥಿಸಿರಿ. ಎಲ್ಲರೂ ಆಮೆನ್ ಅಂದರು. ನಾನು ಅನ್ನಲಿಲ್ಲ. ಮನುಷ್ಯರಿಗೆ ಸುಳ್ಳು ಹೇಳುವವರನ್ನು ಬೇಕಾದಷ್ಟು ನೋಡಿದ್ದೇನೆ, ದೇವರ ಮುಂದೆಯೇ ಸುಳ್ಳು ಓದಿಸುವುದೇ? ಎದ್ದು ನಿಂತೆ. ಗಂಡಸರ ಸಾಲಿನಿಂದ ನಮ್ಮವರು ಕೂರು ಎಂದು ಕೈಸನ್ನೆ ಮಾಡಿದರು.

"ಪಾಸ್ಟರ್, ಅದು ಖರೇ ಅಲ್ರಿ. ಆಕಿ ಕೈ ಸುಟ್ಟಿದ್ದು ಕೆಲಸದ ಜಾಗಾದಾಗ, ಆ್ಯಸಿಡ್ ಬಿದ್ದು. ನಾ ಬಾಜೂಕೇ ಇದ್ದೆ."

ಪಾಸ್ಟರ್ ಮುಂದಿನ ಚೀಟಿ ಓದಿದರು.

ಆ ವಾರವೇ ಗಂಡನ ಕೆಲಸ ಹೋಯಿತು, ಖೋಲಿ ಬಿಡಿ ಎಂದು ಹಿರಿಯರು ಹೇಳಿಕಳಿಸಿದರು. ಸರದಿಯಂತೆ ಗುರುವಾರದ ಮನೆ ಪ್ರಾರ್ಥನೆ ನಮ್ಮಲ್ಲಿತ್ತು. ಎಲ್ಲರಿಗೂ ಆಗುವಷ್ಟು ಚಹಾ ಇಟ್ಟು ಕಾದೆ, ಒಬ್ಬರೂ ಬರಲಿಲ್ಲ. ಕೆಲಸ ಹೋದದ್ದಕ್ಕಿಂತ ಅದಕ್ಕೇ ಹೆಚ್ಚು ಅತ್ತೆ.

ಈಗ ಬೇರೆ ಓಣಿಯಲ್ಲಿದ್ದೇವೆ, ಮರಾಠಿ ಸಭೆಗೆ ಹೋಗುತ್ತೇವೆ. ಪ್ರಸಂಗ ಅರ್ಧ ತಿಳಿಯುವುದಿಲ್ಲ. ನನ್ನ ಪ್ರಾರ್ಥನೆ ಮಾತ್ರ ಇನ್ನೂ ಕನ್ನಡದಲ್ಲೇ. ಸ್ವಾರಗೇಟಿಗೆ ಹೋಗಿ ಊರ ಬಸ್ಸು ಹಿಡಿಯೋಣ ಎನ್ನುತ್ತಾರೆ ನಮ್ಮವರು. ಆದರೆ ಕಾರ್ಮಿಕ ಕಚೇರಿಯಲ್ಲಿ ಶಾಂತಮ್ಮನ ದೂರಿಗೆ ಸಾಕ್ಷಿ ಹೇಳಿಕೆ ಕೊಟ್ಟವಳು ನಾನೊಬ್ಬಳೇ. ವಿಚಾರಣೆಗೆ ಕರೆದ ದಿನ ಇಲ್ಲಿರಬೇಕು. ಕರೆ ಇನ್ನೂ ಬಂದಿಲ್ಲ. ಗಂಟು ಕಟ್ಟುತ್ತೇನೆ, ಬಿಚ್ಚುತ್ತೇನೆ.

ನಿನ್ನೆ ಅವ್ವ ಫೋನ್ ಮಾಡಿದ್ದಳು. "ಸಭಾದ ಮಂದಿ ಛಲೋ ನೋಡ್ಕೋತಾರೇನವಾ?"

"ಭಾಳ ಛಲೋ ನೋಡ್ಕೋತಾರ" ಅಂದೆ.

ಅವ್ವ ಅಲ್ಲಿಂದಲೇ ಅವರೆಲ್ಲರ ಹೆಸರಿನಲ್ಲಿ ದೇವರಿಗೆ ಸ್ತೋತ್ರ ಹೇಳತೊಡಗಿದಳು. ಅವಳನ್ನು ತಡೆಯದೆ ಕೊನೆಯವರೆಗೂ ಕೇಳಿಸಿಕೊಂಡೆ.