ತುಪ್ಪದ ಬಟ್ಟಲು, ಮಗುವಿನ ಎದೆಯ ನೀರು

ಮಾನ್ಯ ಓದುಗರಲ್ಲಿ ವಿನಂತಿ. ನನ್ನ ಕಾಗುಣಿತ, ಕೈಬರಹ ಎರಡೂ ಅಷ್ಟಕ್ಕಷ್ಟೇ. ಕಚೇರಿಯ ಪತ್ರಗಳನ್ನಲ್ಲದೆ ಬೇರೇನನ್ನೂ ಬರೆದು ಅಭ್ಯಾಸವಿಲ್ಲದ ಕಾರಣ ಮೊದಲಿಗೇ ಕ್ಷಮೆ ಕೋರುತ್ತೇನೆ.

ವಿಷಯವೇನೆಂದರೆ, ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದಾಗ ನನಗೆ ಹೆಣ್ಣು ಮಗು ಜನಿಸಿತು. ಹೃದಯದಲ್ಲಿ ದೋಷವಿದ್ದುದರಿಂದ ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಗಿ, ಮೈಸೂರಿನ ಅಗ್ರಹಾರದ ನಮ್ಮ ಮನೆಗೆ ಮರಳಿದೆವು. ವಾರದೊಳಗೆ ಮಗು ಉಸಿರಿಗೆ ಕಷ್ಟಪಡತೊಡಗಿತು. ಇಲ್ಲಿನ ಆಸ್ಪತ್ರೆಗೆ ಸೇರಿಸಿದೆವು; ವೈದ್ಯರು ಸ್ಕ್ಯಾನಿಂಗ್ ಯಂತ್ರದ ಪರದೆಯನ್ನು ನೋಡುತ್ತಲೇ ಪುಟ್ಟ ಪಕ್ಕೆಲುಬುಗಳ ನಡುವೆ ಸೂಜಿ ಇಳಿಸಿ, ತೆಳುವಾದ ಕೊಳವೆಯೊಂದನ್ನು ಕೂರಿಸಿ ಬಾಟಲಿಗೆ ಜೋಡಿಸಿದರು. ಹೊರಬಂದದ್ದು ಹಾಲಿನಂತಹ ದ್ರವ. ಆಹಾರದ ಜಿಡ್ಡನ್ನು ರಕ್ತಕ್ಕೆ ಒಯ್ಯುವ ನಾಳಕ್ಕೆ ಶಸ್ತ್ರಚಿಕಿತ್ಸೆಯ ವೇಳೆ ಪೆಟ್ಟಾಗಿ ಅದು ಎದೆಯೊಳಗೆ ಸೋರುತ್ತಿದೆಯೆಂದೂ, ಜಿಡ್ಡು ನಿಲ್ಲಿಸಿದರೆ ತಾನೇ ಮಾಯಬಹುದೆಂದೂ, ಇಲ್ಲವಾದರೆ ಎದೆಯನ್ನು ಮತ್ತೆ ತೆರೆಯಬೇಕಾದೀತೆಂದೂ ತಿಳಿಸಿದರು. ತಾಯಿಹಾಲು ನಿಲ್ಲಿಸಿ, ಅಂತಹ ಜಿಡ್ಡಿಲ್ಲದ ಬೇರೆ ಹಾಲಿನ ಪುಡಿ ಬರೆದುಕೊಟ್ಟರು.

ಗುಮಾಸ್ತನಾದ ನಾನು ಬಾಟಲಿಯಲ್ಲಿ ಸೇರುತ್ತಿದ್ದ ದ್ರವದ ಬಣ್ಣವನ್ನು ದಿನಕ್ಕೆರಡು ಬಾರಿ ಪುಸ್ತಕದಲ್ಲಿ ದಾಖಲಿಸುತ್ತಿದ್ದೆ. ಐದನೆಯ ದಿನ ‘ಎಳನೀರಿನಂತೆ’ ಎಂದು ಬರೆದು ಹೆಂಡತಿಗೆ ತೋರಿಸಿದೆ; ಆಕೆ ಸಂತೋಷಕ್ಕೆ ಅತ್ತುಬಿಟ್ಟಳು. ಎಂಟನೆಯ ದಿನ ಮತ್ತೆ ‘ಬಿಳಿ’.

“ಪುಡಿ ಹಾಲು ಬಿಟ್ಟು ಬೇರೇನಾದ್ರೂ ಕೊಟ್ರಾ?” ಎಂದು ವೈದ್ಯರು ಕೇಳಿದರು.

“ಇಲ್ಲ ಸಾರ್, ಎಲ್ಲ ಬರೆದಿಟ್ಟಿದೀನಿ” ಎಂದು ಪುಸ್ತಕ ಮುಂದಿಟ್ಟೆ.

“ಹಂಗಾದ್ರೆ ನಾಳೆ ಬೆಂಗ್ಳೂರಿಗೆ ಕಳಿಸ್ಬೇಕಾಗುತ್ತೆ ಕಣ್ರೀ.”

ಆಗ ಮೂಲೆಯಲ್ಲಿ ಕುಳಿತಿದ್ದ ನನ್ನ ತಾಯಿ ಸೆರಗಿನಿಂದ ಪುಟ್ಟ ಬೆಳ್ಳಿ ಬಟ್ಟಲನ್ನು ಹೊರತೆಗೆದರು. ಮಗುವಿನ ಮಾತು ಸ್ಪಷ್ಟವಾಗಲೆಂದು ಮನೆಯ ಹಿರಿಯಳು ತುಪ್ಪದಲ್ಲಿ ಬಜೆಬೇರು ತೇಯ್ದು ನೆಕ್ಕಿಸುವುದು ನಮ್ಮಲ್ಲಿ ರೂಢಿ.

“ಮೂರ್ ದಿನದಿಂದ ಬೆರಳ ತುದೀಲಿ ಅಷ್ಟೇ ಸ್ವಾಮಿ, ದಿನಕ್ಕೆ ನಾಕೈದು ಸಲ. ಹಾಲು ಬೇಡ ಅಂದ್ರಿ, ತುಪ್ಪ ಬೇಡ ಅನ್ನಲಿಲ್ವಲ್ಲ. ಇವ್ನಿಗೂ ನಾನೇ ನೆಕ್ಕಿಸಿದ್ದು.”

“ಎಂಥ ಕೆಲಸ ಮಾಡ್ಬುಟ್ಟೆ ಅವ್ವ!” ಎಂದು ನಾನು ಎಲ್ಲರೆದುರು ಗದರಿದೆ. ಅದಕ್ಕೆ ಇಂದಿಗೂ ವಿಷಾದವಿದೆ.

“ಸುಮ್ನಿರ್ರೀ,” ಎಂದರು ವೈದ್ಯರು. “ಅವ್ರು ಹೇಳ್ದೆ ಇದ್ದಿದ್ರೆ ಮಗು ಎದೆ ಕುಯ್ಯೋಕೆ ಕಳಿಸ್ಬುಡ್ತಿದ್ದೆ. ತುಪ್ಪದ ಹೆಸರು ನಾನೇ ಹೇಳ್ಬೇಕಿತ್ತು. ಅಲ್ಲ ಅಜ್ಜಿ, ನೆಕ್ಕಿಸಿದ್ರೂ ನಿಮ್ಮ ಮಗ ಮಾತಾಡಲ್ಲ, ಬರೀ ಬರೀತಾರಲ್ಲ!”

ತಾಯಿ ಆಸ್ಪತ್ರೆಯ ನಲ್ಲಿಯಲ್ಲಿ ಬಟ್ಟಲನ್ನು ಸೋಪು ಹಾಕಿ ಎರಡು ಸಲ ತೊಳೆದರು. ಪ್ರಯಾಣ ಮುಂದಕ್ಕೆ ಹೋಯಿತು. ದ್ರವ ಮೊದಲು ತಿಳಿಯಾಯಿತು, ಆಮೇಲೆ ಕಡಿಮೆಯಾಯಿತು, ಕೊನೆಗೆ ನಿಂತಿತು. ವೈದ್ಯರು ಪುನಃ ಸ್ಕ್ಯಾನ್ ಮಾಡಿ, ಪರದೆಯಲ್ಲಿ ನೀರಿನ ಕಪ್ಪು ಪಟ್ಟಿ ಇಲ್ಲವೆಂದು ತೋರಿಸಿ, ಕೊಳವೆ ತೆಗೆದರು.

ತಾಯಿ ಬಹಳ ಹೊತ್ತು ಪರದೆಯನ್ನೇ ನೋಡಿ, “ನಂಗೇನೂ ತಿಳೀಲಿಲ್ಲ. ನೀವು ನಗ್ತಿದೀರಲ್ಲ, ಸಾಕು” ಎಂದರು.

ವೈದ್ಯಕೀಯ ಸಂಗತಿಗಳನ್ನು ನಾನು ಅರ್ಥ ಮಾಡಿಕೊಂಡಷ್ಟೇ ಬರೆದಿರುತ್ತೇನೆ. ಇದರಲ್ಲಾಗಲಿ ಅಕ್ಷರಗಳಲ್ಲಾಗಲಿ ತಪ್ಪು ಕಂಡುಬಂದಲ್ಲಿ, ಬಲ್ಲವರು ದಯವಿಟ್ಟು ತಿದ್ದಿ ಓದಿಕೊಳ್ಳಬೇಕಾಗಿ ಕೋರುತ್ತೇನೆ.