ಪರೀಕ್ಷೆಗೆ ಬಾರದ ಕತೆ

ಬೆಳಿಗ್ಗೆ ಕಪಾಟು ಒರೆಸುವಾಗ ಹಳೆಯ ಇಂಗ್ಲಿಷ್ ಕತೆಪುಸ್ತಕವೊಂದು ಕೈಯಲ್ಲೇ ತೆರೆದುಕೊಂಡಿತು. ಹಾಳೆಯ ಮೂಲೆಯಲ್ಲಿ ಮೆಣಸಿನಕಾಯಿ ಬಜ್ಜಿಯ ಎಣ್ಣೆ ಕಲೆ. ಅಲ್ಲಿ ಹಿಂದಿನ ಪುಟದ ಅಕ್ಷರಗಳೂ ತಿರುಗುಮುರುಗಾಗಿ ಕಾಣುತ್ತವೆ. ಬೇರೆಯವರಾದರೆ ಬೈದುಕೊಳ್ಳುತ್ತಿದ್ದರೇನೋ, ನಾನು ಮೂಸಿ ನೋಡಿದೆ. ಯಾರಿಗೂ ಹೇಳಬೇಡಿ.

ನಾನು ಕಾನ್ವೆಂಟಿನಲ್ಲಿ ಓದಿದವಳು. ಮದುವೆಯಾಗಿ ನ್ಯಾಮತಿಗೆ ಬರುವಾಗ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಂಥ ಪುಸ್ತಕಗಳನ್ನು ತುಂಬಿಕೊಂಡು ಬಂದಿದ್ದೆ. ಈ ಮನೆಯಲ್ಲಿ ನನ್ನ ಇಂಗ್ಲಿಷಿಗೆ ಬೆಲೆಯೇ ಇಲ್ಲವೆಂದಲ್ಲ. ಕಳೆನಾಶಕದ ಡಬ್ಬಿ, ಮಿಕ್ಸಿಯ ಗ್ಯಾರಂಟಿ ಕಾರ್ಡು ಬಂದರೆ ನನ್ನನ್ನೇ ಕೂಗುತ್ತಾರೆ. ಆದರೆ ಓದಿದ ಕತೆಯನ್ನು ಹೇಳಿಕೊಳ್ಳಲು ಒಬ್ಬರಿರಲಿಲ್ಲ. ಯಜಮಾನರು ಒಳ್ಳೆಯವರೇ, ಹೇಳತೊಡಗಿದರೆ "ಹೂಂ" ಅನ್ನುತ್ತಾ ಫೋನ್ ನೋಡುತ್ತಾರೆ.

ಹಾಗಿರುವಾಗ ಎದುರುಮನೆಯಲ್ಲಿ ಬಟ್ಟೆ ಹೊಲಿಯುವ ಮುಮ್ತಾಜ್, ಹೈಸ್ಕೂಲಿಗೆ ಹೋಗುವ ಮಗಳು ಶಾಹೀನ್‌ಳನ್ನು ಕರೆತಂದಳು. "ಅಕ್ಕಾರೆ, ಎಲ್ಲಾದ್ರಾಗೂ ಪಾಸಾಗ್ತಾಳೆ, ಇಂಗ್ಲಿಷ್ ಒಂದೇ ಅಡ್ಡ ಕುಂತೈತೆ. ಏನಾರ ಮಾಡ್ರಿ."

ಹುಡುಗಿ ಕೂತವಳೇ ಪೆನ್ಸಿಲ್ ಚೂಪು ಮಾಡಿದಳು. ನಮ್ಮ ಕಡೆ ಇಂಗ್ಲಿಷ್ ಪಾಠವೆಂದರೆ ಹಾಗೇ: ಪ್ರತಿ ಪದದ ತಲೆಯ ಮೇಲೂ ಕನ್ನಡದ ಅರ್ಥ ಬರೆಯಬೇಕು. ಬರೆದು ಮುಗಿಯುವಷ್ಟರಲ್ಲಿ ಕತೆಯ ಉಸಿರು ನಿಂತಿರುತ್ತದೆ. ಪೆನ್ಸಿಲ್ ಈಸಿಕೊಂಡು ಈ ಪುಸ್ತಕ ಕೊಟ್ಟೆ.

"ಮೀನಿಂಗ್ ಬರೀದೆ ಓದಾಕೆ ಹೆಂಗಾಗ್ತೈತೆ ಆಂಟಿ? ಪರೀಕ್ಷೆಗೆ ಬರ್ತೈತಾ ಇದು?"

"ಇಲ್ಲ."

"ಮತ್ಯಾಕೆ ಓದೋದು?"

"ಸುಮ್ಮನೆ."

"ಸುಮ್ಮನೇನಾ!" ಎಂದು ನನ್ನನ್ನು ಕರುಣೆಯಿಂದ ನೋಡಿದಳು.

ಒಂದು ಉಪಾಯ ಮಾಡಿದೆ. ಬಜ್ಜಿಯ ತಟ್ಟೆ ಮುಂದಿಟ್ಟು ನಾನೇ ಓದತೊಡಗಿದೆ. ಒಬ್ಬ ವಿಧವೆ, ಅವಳ ಮನೆಯಲ್ಲೊಬ್ಬ ಬಾಡಿಗೆಯವನು, ಅವನು ಯಾರಿಗೂ ತೆರೆಯದ ಕೋಣೆ. ವಿಧವೆ ಬೀಗದ ಕೈ ತಿರುಗಿಸಿದ ಗಳಿಗೆಗೆ ಸರಿಯಾಗಿ, "ಹಾಲು ಉಕ್ಕುತ್ತೆ ಕಣೇ" ಎಂದು ಎದ್ದು ಅಡುಗೆಮನೆಗೆ ನಡೆದೆ. ಒಲೆಯ ಮೇಲೆ ಹಾಲೇ ಇರಲಿಲ್ಲ. ಬಾಗಿಲ ಸಂದಿಯಿಂದ ಇಣುಕಿದರೆ, ಎಣ್ಣೆ ಬೆರಳಲ್ಲೇ ಪುಟ ತಿರುವಿ ತುಟಿ ಅಲ್ಲಾಡಿಸುತ್ತಿದ್ದಳು.

ಆಮೇಲಿನ ಕೆಲವು ತಿಂಗಳು ನನ್ನ ಸಂಜೆಗಳೇ ಬೇರೆಯಾದವು. ಪುಸ್ತಕ ಮನೆಗೊಯ್ದು ಓದಿ, ಬಂದು ಜಗಳಕ್ಕೆ ನಿಲ್ಲುವಳು. "ಆ ಹೆಂಗಸಿಗೆ ಬುದ್ಧಿ ಐತೇನ್ರಿ? ಅವನ್ನ ಯಾಕೆ ನಂಬಿದ್ಳು?" ನಾನು ಆ ಹೆಂಗಸಿನ ಪರ ವಕಾಲತ್ತು ವಹಿಸುತ್ತಿದ್ದೆ. ಇಬ್ಬರ ಚಹಾವೂ ಆರುತ್ತಿತ್ತು.

ಬರಬರುತ್ತಾ ಮಾತು ಕಡಿಮೆಯಾಯಿತು. ಬರುವಳು, ಓದಿದ್ದನ್ನಿಟ್ಟು ಇನ್ನೊಂದು ಎತ್ತಿಕೊಳ್ಳುವಳು. "ಕೂತ್ಕೊಳೇ, ಏನಾಯ್ತು ಹೇಳು" ಅಂದರೆ, "ಹೇಳಿದ್ರೆ ಮಜಾ ಹೋಗ್ತೈತೆ ಆಂಟಿ" ಎಂದು ಓಡುವಳು. ಕಿಟಕಿಯಿಂದ ನೋಡುತ್ತಿದ್ದೆ: ಹೊಲಿಗೆ ಯಂತ್ರದ ಪಕ್ಕ, ಮೊಣಕಾಲ ಮೇಲೆ ಪುಸ್ತಕ, ತಾಯಿ ಎಷ್ಟು ಕೂಗಿದರೂ ಕೇಳಿಸದು. ನಾನು ಬಯಸಿದ್ದು ಇದನ್ನೇ ಅಲ್ಲವೇ? ಆದರೂ ನೀವೇ ಹೇಳಿ, ಜೊತೆಗೊಬ್ಬಳು ಬೇಕೆಂದು ಓದಿನ ರುಚಿ ಹತ್ತಿಸಿದರೆ, ಆ ರುಚಿ ಹತ್ತಿದವಳಿಗೆ ಜೊತೆಯೇ ಬೇಡವಾದರೆ ಏನು ಮಾಡುವುದು?

ಈಗವಳು ಹೊನ್ನಾಳಿ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಾಳೆ. ನನ್ನ ಪುಸ್ತಕಗಳೆಲ್ಲ ಮುಗಿದು ಬಹಳ ಕಾಲವಾಯಿತು. ಇತ್ತ ಬರಲು ನೆಪವೂ ಮುಗಿಯಿತು. ಇವತ್ತು ಸಂಜೆ ಬಸ್ಸಿಳಿದು ಬರುವಾಗ ಕೈಯಲ್ಲೊಂದು ದಪ್ಪ ಪುಸ್ತಕ, ಪುಟಗಳ ನಡುವೆ ಬೆರಳು. ನಾನು ಕೊಟ್ಟದ್ದಲ್ಲ, ಹೆಸರು ಕೇಳಿದ್ದೂ ಅಲ್ಲ. ಚಪ್ಪಲಿ ಮೆಟ್ಟಿಕೊಂಡು ರಸ್ತೆ ದಾಟಿದೆ.

"ಮುಗಿದ ಮೇಲೆ ನನಗೆ ಕೊಡ್ತೀಯಾ?"

ಬೆರಳಿಟ್ಟ ಕಡೆ ಒಮ್ಮೆ ನೋಡಿಕೊಂಡಳು. "ಇನ್ನೂ ಅರ್ಧ ಐತಲ್ಲಾ ಆಂಟಿ. ಲೇಟಾಗ್ತೈತೆ."

"ಆಗಲಿ ಬಿಡು" ಅಂದೆ.

ಮನೆಗೆ ಬಂದು ದೀಪ ಹಾಕಿದೆ. ಯಾರೂ ಬಂದಿರಲಿಲ್ಲ. ಆದರೆ ಈ ಊರಿನಲ್ಲಿ ನಾನು ಕಾಯಲು ಈಗೊಂದು ಪುಸ್ತಕವಿದೆ.